ಬುಲೆಟ್ ಬಿಸಿಯಾದರೆ ಏನು ಮಾಡಬೇಕು?



ನಮ್ಮ ಸೋದರಮಾವನ ಹತ್ತಿರ 1986ನೇ ಇಸವಿಯ ಬುಲೆಟ್ ಗಾಡಿ ಇದೆ. ಅದರ ಡುಗು ಡುಗು ಸದ್ದು ಊರಬಾಗಿಲಿಗೆ ಬಂದರೆ ಸಾಕು, ನಮ್ಮ ಮನೆಯ ನಾಯಿ ಎದ್ದು ನಿಲ್ಲುತ್ತದೆ. ಹೋದ ವರ್ಷ ನಾನು ಎಂಟನೇ ತರಗತಿಯಲ್ಲಿದ್ದಾಗ ಎನ್.ಎಂ.ಎಂ.ಎಸ್. ವಿದ್ಯಾರ್ಥಿವೇತನದ ಪರೀಕ್ಷೆಗೆ ಮಾವನೇ ನನ್ನನ್ನು ತಾಲ್ಲೂಕಿಗೆ ಕರೆದುಕೊಂಡು ಹೊರಟರು. ಅವತ್ತು ದಾರಿಯಲ್ಲಿ ಗಾಡಿ ನಿಂತುಬಿಟ್ಟಿತು. ಅದಕ್ಕೆ ಅರ್ಧ ಕಾರಣ ನಾನೇ. ಅವತ್ತಿನಿಂದ ಮಾವನ ಹತ್ತಿರ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಬುಲೆಟ್ ಪರಿಚಯ

ಬುಲೆಟ್ ಇಂಗ್ಲೆಂಡಿನ ರೆಡಿಚ್ ಎಂಬ ಊರಿನ ರಾಯಲ್ ಎನ್‌ಫೀಲ್ಡ್ ಕಂಪನಿಯ ಗಾಡಿ. 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಕಂಪನಿ ಶುರುವಾಯಿತು. 1967ರಲ್ಲಿ ರೆಡಿಚ್ ಕಾರ್ಖಾನೆ ಮುಚ್ಚಿತು. ಆದರೆ ಮದ್ರಾಸಿನಲ್ಲಿ ಬುಲೆಟ್ ತಯಾರಾಗುತ್ತಲೇ ಬಂತು.

ಮಾವನ ಗಾಡಿಗೆ ಒಂದೇ ಸಿಲಿಂಡರ್. ಅದರ ಒಳ ಅಗಲ 7 ಸೆಂ.ಮೀ., ಪಿಸ್ಟನ್ ಓಡಾಡುವ ದೂರ 9 ಸೆಂ.ಮೀ. ನಮ್ಮ ಗಣಿತದ ಸೂತ್ರ ಹಾಕಿ ನೋಡಿ:

22/7 × 3.5 × 3.5 × 9 = 346.5 ಘನ ಸೆಂ.ಮೀ.

ಕಂಪನಿಯ ಲೆಕ್ಕ 346 ಸಿ.ಸಿ. ಬಾಯಿಮಾತಿನಲ್ಲಿ 350 ಎನ್ನುತ್ತಾರೆ. ಸಿಲಿಂಡರಿನ ಘನಫಲ ಯಾಕೆ ಕಲಿಯಬೇಕು ಎಂದು ಕೇಳುವವರಿಗೆ ಇದೇ ಉತ್ತರ!

ಗಾಳಿ ಹೇಗೆ ತಂಪು ಮಾಡುತ್ತದೆ?

ಕಾರು, ಬಸ್ಸುಗಳಲ್ಲಿ ರೇಡಿಯೇಟರಿನ ನೀರು ಇಂಜಿನ್ನನ್ನು ತಣ್ಣಗಿಡುತ್ತದೆ. ಬುಲೆಟ್‌ಗೆ ರೇಡಿಯೇಟರ್ ಇಲ್ಲ. ಸಿಲಿಂಡರ್ ಸುತ್ತ ತಟ್ಟೆ ಜೋಡಿಸಿದ ಹಾಗೆ ಕಾಣುವ ಫಿನ್ನುಗಳನ್ನು ನೋಡಿದ್ದೀರಲ್ಲವೇ? ಬಿಸಿ ಅನ್ನವನ್ನು ತಟ್ಟೆಯ ತುಂಬ ಹರಡಿದರೆ ಬೇಗ ಆರುತ್ತದೆ, ಮುದ್ದೆ ಮಾಡಿಟ್ಟರೆ ಆರುವುದಿಲ್ಲ. ಫಿನ್ನುಗಳ ಕೆಲಸವೂ ಇದೇ. ಗಾಳಿಗೆ ತಾಗುವ ಜಾಗವನ್ನು ಅವು ಹೆಚ್ಚು ಮಾಡುತ್ತವೆ. ಒಳಗಡೆಯ ಆಯಿಲ್ ಕೂಡ ಸವೆತ ತಡೆಯುವುದರ ಜೊತೆಗೆ ಬಿಸಿಯನ್ನು ಹೊತ್ತು ಹೊರಗೆ ತರುತ್ತದೆ.

ಅವತ್ತು ಆದದ್ದು

ಪರೀಕ್ಷೆಯ ಹಿಂದಿನ ದಿನ ಗಾಡಿ ತೊಳೆಯುವ ಕೆಲಸ ನನ್ನದಾಗಿತ್ತು. ಆಟಕ್ಕೆ ಹೊತ್ತಾಯಿತೆಂದು ಟ್ಯಾಂಕು, ಮಡ್‌ಗಾರ್ಡು ಮಾತ್ರ ಹೊಳೆಯುವ ಹಾಗೆ ಒರೆಸಿದೆ. ಕಬ್ಬಿನ ಗದ್ದೆಯ ಕೆಸರು ಫಿನ್ನುಗಳ ಸಂದಿಯಲ್ಲಿ ಒಣಗಿ ಇಟ್ಟಿಗೆಯಾಗಿತ್ತು. ಅದನ್ನು ಮುಟ್ಟಲಿಲ್ಲ. "ತೊಳೆದೆಯೇನೋ?" ಅಂದರು ಮಾವ. "ಹೂಂ ಮಾವ" ಅಂದೆ.

ಮಾರನೇ ದಿನ ದೊಡ್ಡ ಏರು ಹತ್ತುವಾಗ ಗಾಡಿಯ ಎಳೆತ ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಕಿಕ್ಕರ್ ಒತ್ತಿದರೆ ಕಲ್ಲಿನ ಹಾಗಿತ್ತು. ನನಗೆ ಅಳು ಬಂತು. ಬೇಗ ತಣ್ಣಗಾಗಲಿ ಎಂದು ನೀರಿನ ಬಾಟಲಿ ತೆಗೆದು ಇಂಜಿನ್ ಮೇಲೆ ಸುರಿಯಲು ಹೋದೆ. ಮಾವ ಗಬಕ್ಕನೆ ಕೈ ಹಿಡಿದುಕೊಂಡರು.

"ಕಾದ ಲಾಟೀನಿನ ಗಾಜಿಗೆ ನೀರು ಬಿದ್ದರೆ ಏನಾಗುತ್ತೆ? ಈ ಸಿಲಿಂಡರ್ ಬೀಡು ಕಬ್ಬಿಣದ್ದು ಕಣೋ, ಬಿರುಕು ಬಿಡುತ್ತೆ. ನೀರು ನೀನು ಕುಡಿ. ಗಾಡೀನ ನೆರಳಲ್ಲಿ ನಿಲ್ಲಿಸೋಣ."

ಪಿಸ್ಟನ್ ಅಲ್ಯೂಮಿನಿಯಂನದು. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಅದಕ್ಕೇ ಪಿಸ್ಟನ್ ಸಿಲಿಂಡರನ್ನು ಬಿಗಿಯಾಗಿ ಹಿಡಿದುಕೊಂಡಿತ್ತು. ಬಲವಂತವಾಗಿ ಕಿಕ್ ಹೊಡೆದರೆ ಒಳಗೆ ಗೀರಿಕೊಂಡು ಹೋಗುತ್ತದೆ.

ಮಾವ ಫಿನ್ನಿನ ಸಂದಿ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಬೈಯಲಿಲ್ಲ. ಆಯಿಲ್ ಕಡ್ಡಿ ತೆಗೆದು ನೋಡಿದರೆ ಆಯಿಲ್ ಗುರುತಿಗಿಂತ ಕೆಳಗಿತ್ತು. "ಇದು ನನ್ನ ತಪ್ಪು. ಇಬ್ಬರದೂ ಸರಿಹೋಯ್ತು" ಎಂದು ನಕ್ಕರು. ಟೂಲ್ ಬಾಕ್ಸಿನಲ್ಲಿದ್ದ ಆಯಿಲ್ ಹಾಕಿದರು. ಬಿಸಿ ಇಳಿದ ಮೇಲೆ ನಾನು ಬೇವಿನ ಕಡ್ಡಿಯಿಂದ ಮಣ್ಣು ಕೆರೆದೆ. ಅರ್ಧ ಗಂಟೆಯ ನಂತರ ಕೀ ಹಾಕದೆ, ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿದರೆ ಇಳಿಯಿತು! ಆಮೇಲೆ ಸ್ಟಾರ್ಟ್ ಮಾಡಿ ನಿಧಾನವಾಗಿ ಹೋದೆವು. ಮೊದಲ ಗಂಟೆ ಹೊಡೆಯುವಾಗ ನಾನು ಗೇಟಿನೊಳಗೆ ಕಾಲಿಟ್ಟೆ. ಹಾಲ್ ಟಿಕೆಟ್ಟಿನ ಮೇಲೆ ನನ್ನ ಹೆಬ್ಬೆರಳಿನ ಆಯಿಲ್ ಗುರುತು ಇನ್ನೂ ಇದೆ.

ಮುಂದಿನ ವಾರ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ ಪಿಸ್ಟನ್ ಮೇಲೆ ಸಣ್ಣ ಗೀರುಗಳಿದ್ದವು. ಉಜ್ಜಿ ಸರಿಮಾಡಿ ಹೊಸ ರಿಂಗ್ ಹಾಕಿದರು. ಕಬ್ಬಿನ ದುಡ್ಡಿನಲ್ಲಿ ಮಾವ ಅದಕ್ಕೂ ಒಂದು ಪಾಲು ಎತ್ತಿಡಬೇಕಾಯಿತು.

ಸರ್ವಿಸ್ ಮಾಡುವ ಕ್ರಮ

ಸರ್ವಿಸ್‌ನಲ್ಲಿ ಮುಖ್ಯವಾದದ್ದು ಯಾವ ಕೆಲಸ ಬಿಸಿಯಲ್ಲಿ, ಯಾವುದು ತಣ್ಣಗಿದ್ದಾಗ ಎಂದು ತಿಳಿಯುವುದು. ಗಾಡಿಯನ್ನು ನಡು ಸ್ಟ್ಯಾಂಡಿಗೆ ಹಾಕಿ, ದೊಡ್ಡವರ ಜೊತೆಯಲ್ಲೇ ಮಾಡಿ.

ತಣ್ಣಗಿದ್ದಾಗ ಮಾಡುವ ಕೆಲಸ:

1. ತೊಳೆಯುವುದು. ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಪ್ರತಿ ಫಿನ್ನಿನ ಸಂದಿಯ ಮಣ್ಣನ್ನೂ ತೆಗೆಯಬೇಕು.

2. ಪ್ಲಗ್. ಹೆಡ್ ಅಲ್ಯೂಮಿನಿಯಂನದು. ಬಿಸಿಯಲ್ಲಿ ಪ್ಲಗ್ ಬಿಚ್ಚಿದರೆ ಮರೆ ಹಾಳಾಗಬಹುದು. ಪ್ಲಗ್ಗಿನ ತುದಿ ಕಾಫಿ ಬಣ್ಣವಿದ್ದರೆ ಒಳ್ಳೆಯದು. ಕಪ್ಪು ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ. ಬೆಳ್ಳಗಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಇಂಜಿನ್ ಅತಿ ಬಿಸಿ. ತುದಿಯ ಸಂದು ಸುಮಾರು ಅರ್ಧ ಮಿ.ಮೀ. ಇರಬೇಕು.

3. ಟ್ಯಾಪೆಟ್. ಎರಡು ವಾಲ್ವೂ ಮುಚ್ಚಿ, ಪಿಸ್ಟನ್ ತೀರಾ ಮೇಲೆ ಬಂದಿರುವಾಗ ನೋಡಬೇಕು. ಪುಷ್ ರಾಡ್ ಬೆರಳಿನಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು. ಬಿಗಿಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. ಸಡಿಲವಾದರೆ ಟಿಕ್ ಟಿಕ್ ಸದ್ದು ಬರುತ್ತದೆ. "ಸದ್ದು ಮಾಡೋ ಟ್ಯಾಪೆಟ್‌ಗಿಂತ ಸದ್ದೇ ಇಲ್ಲದ ಬಿಗಿ ಟ್ಯಾಪೆಟ್ ಮೋಸ" ಎನ್ನುತ್ತಾರೆ ಮಾವ.

4. ಪಾಯಿಂಟ್. ಪೂರ್ತಿ ತೆರೆದಾಗ ಸಂದು 0.35ರಿಂದ 0.40 ಮಿ.ಮೀ. ಇರಬೇಕು. ಕೊಳೆಯಾಗಿದ್ದರೆ ಒಣ ಬಿಳಿ ಕಾಗದ ತೂರಿಸಿ ಒರೆಸಿ. ಕೀ ಹಾಕಿ ಕಿಕ್ಕರನ್ನು ನಿಧಾನವಾಗಿ ಒತ್ತಿದರೆ ಆಂಪಿಯರ್ ಮೀಟರಿನ ಮುಳ್ಳು ಅತ್ತಿತ್ತ ಆಡಬೇಕು. ಆಡದಿದ್ದರೆ ಪಾಯಿಂಟ್, ವೈರು, ಬ್ಯಾಟರಿ ನೋಡಿ. ಈಗಿನ ಹೊಸ ಬುಲೆಟ್‌ಗಳಲ್ಲಿ ಪಾಯಿಂಟ್ ಇಲ್ಲ.

5. ಚೈನು. ನಡುವೆ ಎತ್ತಿ ಇಳಿಸಿದರೆ 25ರಿಂದ 30 ಮಿ.ಮೀ. ಆಡಬೇಕು. ಇಂಜಿನ್ ಓಡುವಾಗ ಚೈನಿನ ಹತ್ತಿರ ಕೈ ಒಯ್ಯಲೇಬಾರದು.

ಬಿಸಿಯಿದ್ದಾಗ ಮಾಡುವ ಕೆಲಸ:

1. ಆಯಿಲ್ ಬದಲಾವಣೆ. ಇಂಜಿನ್ ಉಗುರುಬೆಚ್ಚಗಿದ್ದರೆ ಆಯಿಲ್ ತೆಳ್ಳಗಾಗಿ ಕೊಳೆಯನ್ನೂ ಹೊತ್ತುಕೊಂಡು ಇಳಿಯುತ್ತದೆ. ಮಾವ ಹಾಕುವುದು 20ಡಬ್ಲ್ಯು-50. ಹಳೆ ಆಯಿಲನ್ನು ಕಾಲುವೆಗೆ ಚೆಲ್ಲಬಾರದು, ಡಬ್ಬದಲ್ಲಿ ತುಂಬಿಸಿ ಗ್ಯಾರೇಜಿಗೆ ಕೊಡಬೇಕು.

2. ನಿಂತಲ್ಲೇ ಓಡುವ ವೇಗದ ಹೊಂದಿಕೆ. ತಣ್ಣಗಿರುವಾಗ ಕಾರ್ಬೊರೇಟರ್ ತಿರುಗಿಸಿದರೆ ಬಿಸಿಯಾದ ಮೇಲೆ ಅದು ತಪ್ಪುತ್ತದೆ.

ನೆನಪಿಡಿ: ಹೊಳೆಯುವ ಟ್ಯಾಂಕು ನೋಡುವವರ ಕಣ್ಣಿಗೆ. ಸ್ವಚ್ಛ ಫಿನ್ನು ಗಾಡಿಯ ಜೀವಕ್ಕೆ. ಈಗ ಪ್ರತಿ ಶನಿವಾರ ಬ್ರಷ್ ಹಿಡಿದು ಕೂರುತ್ತೇನೆ. "ತೊಳೆದೆಯೇನೋ?" ಎಂದು ಮಾವ ಕೇಳಿದರೆ, ಬಂದು ಸಂದಿ ನೋಡಿ ಎನ್ನುತ್ತೇನೆ.

ಪ್ರಶ್ನೆಗಳು

1. ಬಿಸಿ ಇಂಜಿನ್ ಮೇಲೆ ತಣ್ಣೀರು ಯಾಕೆ ಸುರಿಯಬಾರದು?
2. ಪ್ಲಗ್ ತಣ್ಣಗಾದ ಮೇಲೆ, ಆಯಿಲ್ ಬೆಚ್ಚಗಿದ್ದಾಗ ಬಿಚ್ಚುವುದು ಯಾಕೆ?
3. ಒಳ ಅಗಲ 5 ಸೆಂ.ಮೀ., ಪಿಸ್ಟನ್ ಓಡಾಟ 5 ಸೆಂ.ಮೀ. ಇದ್ದರೆ ಗಾಡಿ ಎಷ್ಟು ಸಿ.ಸಿ.?

ಉತ್ತರ ಬರೆದು ಹಲಗೆಯ ಕೆಳಗಿನ ಡಬ್ಬಿಗೆ ಹಾಕಿ.

– ಒಬ್ಬ ವಿದ್ಯಾರ್ಥಿ, 9ನೇ ತರಗತಿ