ಹೆಬ್ಬೆಟ್ಟಿಗೆ ಬೀಗ

ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ, ಅಂದರೆ ಎಇಪಿಎಸ್‌ನಲ್ಲಿ, ಖಾತೆಯಿಂದ ಹಣ ತೆಗೆಯಲು ಮೂರೇ ಸಂಗತಿ ಬೇಕು: ಬ್ಯಾಂಕಿನ ಹೆಸರು, 12 ಅಂಕಿಯ ಆಧಾರ್ ಸಂಖ್ಯೆ, ಬೆರಳಚ್ಚು. ಕಾರ್ಡು ಬೇಡ, ಪಿನ್ ಬೇಡ, ಒಟಿಪಿಯನ್ನೂ ಕೇಳುವುದಿಲ್ಲ. ಒಂದು ವ್ಯವಹಾರಕ್ಕೆ 10,000 ರೂಪಾಯಿ ಮಿತಿ. ಕುಷ್ಟಗಿ, ಯಲಬುರ್ಗಾ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಬ್ಯಾಂಕಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ಹಾಗಾಗಿ ಗೃಹಲಕ್ಷ್ಮಿಯ 2,000 ರೂಪಾಯಿ, ವೃದ್ಧಾಪ್ಯ ವೇತನ, ಉದ್ಯೋಗ ಖಾತ್ರಿಯ ಕೂಲಿ ಎಲ್ಲವೂ ಕಿರಾಣಿ ಅಂಗಡಿಯಲ್ಲೋ ಬ್ಯಾಂಕಿನ ಪರವಾಗಿ ಊರಲ್ಲೇ ಹಣ ಕೊಡುವ ಬ್ಯಾಂಕ್ ಮಿತ್ರನ ಮನೆಯ ಕಟ್ಟೆಯ ಮೇಲೋ ‘ತಂಬ್’ ಕೊಟ್ಟ ಮೇಲೆ ಕೈಗೆ ಬರುತ್ತವೆ. ಓದು ಬಾರದವರಿಗೆ, ಪಿನ್ ನೆನಪಿಡಲಾರದ ವೃದ್ಧರಿಗೆ ಇದು ನಿಜಕ್ಕೂ ಉಪಕಾರಿ. ಇದನ್ನು ಮುಚ್ಚಿಯೇಬಿಡಬೇಕು ಎನ್ನುವವರು ಪಾಸ್‌ಬುಕ್ ಹಿಡಿದು ಬಿಸಿಲಲ್ಲಿ ಬ್ಯಾಂಕಿಗೆ ನಡೆದವರಲ್ಲ.

ದೋಷ ಇರುವುದು ಬುಡದಲ್ಲಿ. ಬೆರಳಚ್ಚು ಗುಟ್ಟಾಗಿ ಉಳಿಯುವ ವಸ್ತುವಲ್ಲ. ಪಿನ್ ಸೋರಿದರೆ ಬೇರೆ ಪಿನ್ ಹಾಕಬಹುದು, ಬೆರಳನ್ನು ಬದಲಿಸಲಾಗದು. ಜಪಾನಿನ ಸಂಶೋಧಕ ತ್ಸುತೊಮು ಮತ್ಸುಮೊಟೊ 2002ರಲ್ಲೇ ಜೆಲಟಿನ್‌ನಿಂದ ಬೆರಳಿನ ಅಚ್ಚು ತಯಾರಿಸಿ ಮಾರುಕಟ್ಟೆಯಲ್ಲಿದ್ದ ಯಂತ್ರಗಳನ್ನು ಏಮಾರಿಸಿ ತೋರಿಸಿದ್ದರು. ಜರ್ಮನಿಯ ಕೇಯಾಸ್ ಕಂಪ್ಯೂಟರ್ ಕ್ಲಬ್ 2008ರಲ್ಲಿ ಅಲ್ಲಿನ ಗೃಹಸಚಿವರ ಬೆರಳಚ್ಚನ್ನೇ ತನ್ನ ಪತ್ರಿಕೆಯಲ್ಲಿ ಪ್ರಕಟಿಸಿತು. ಸಚಿವರು ಕುಡಿದಿಟ್ಟ ನೀರಿನ ಲೋಟವೊಂದು ಅದಕ್ಕೆ ಸಾಕಾಗಿತ್ತು.

ನಮ್ಮಲ್ಲಿ ಲೋಟವೂ ಬೇಕಾಗಲಿಲ್ಲ. ಆಸ್ತಿ ನೋಂದಣಿಯ ಕ್ರಯಪತ್ರ, ದಾನಪತ್ರಗಳಲ್ಲಿ ಕೊಡುವವರ, ಕೊಳ್ಳುವವರ ಹೆಬ್ಬೆಟ್ಟಿನ ಗುರುತು ಫೋಟೊದ ಜೊತೆಗೇ ಇರುತ್ತದೆ. ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇರುತ್ತದೆ. ಈ ಪತ್ರಗಳ ಪ್ರತಿ ಕಂಪ್ಯೂಟರಿನಲ್ಲೇ ಸಿಗುವಂತಾದಾಗ ಮೂರು ಸಂಗತಿಗಳಲ್ಲಿ ಎರಡು ಒಂದೇ ಹಾಳೆಯಲ್ಲಿ ಸಿಕ್ಕವು. ಮೂರನೆಯದನ್ನು ಊಹಿಸುವುದು ಏನೂ ಕಷ್ಟವಲ್ಲ. ಹಳ್ಳಿಯವರ ಖಾತೆ ಗ್ರಾಮೀಣ ಬ್ಯಾಂಕಿನಲ್ಲಿ ಇರುತ್ತದೆ, ಇಲ್ಲವೇ ತಾಲ್ಲೂಕಿನ ಮತ್ತೊಂದೆರಡು ಬ್ಯಾಂಕುಗಳಲ್ಲಿ. 2023ರಲ್ಲಿ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ-2 ತಂತ್ರಾಂಶದಿಂದ ಇಳಿಸಿಕೊಂಡ ಪತ್ರಗಳ ಹೆಬ್ಬೆಟ್ಟನ್ನು ಅಚ್ಚು ಮಾಡಿ ಹಣ ದೋಚಿದ ಪ್ರಕರಣದಲ್ಲಿ ಬೆಂಗಳೂರು ಪೊಲೀಸರು ಬಿಹಾರದವರನ್ನು ಬಂಧಿಸಿದರು. ಆಮೇಲೆ ರಾಜ್ಯ ಸರ್ಕಾರ ಪತ್ರಗಳಲ್ಲಿನ ಬೆರಳಚ್ಚು ಕಾಣದಂತೆ ಮರೆಮಾಡಿತು. ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಸಿಮ್ ವ್ಯಾಪಾರಿಯೊಬ್ಬ ಇದೇ ರೀತಿ ನೋಂದಣಿ ಪತ್ರಗಳಿಂದ ಬೆರಳಚ್ಚು ತೆಗೆದು ಸಿಕ್ಕಿಬಿದ್ದದ್ದು 2018ರಲ್ಲಿ. ಪಕ್ಕದ ರಾಜ್ಯದ ಆ ಪ್ರಕರಣದಿಂದ ಪಾಠ ಕಲಿಯಲು ನಮಗೆ ಐದು ವರ್ಷ ಹಿಡಿಯಿತು. ಅದು ತಾಂತ್ರಿಕ ಕಷ್ಟವಲ್ಲ, ಉದಾಸೀನ.

ಕಂಪ್ಯೂಟರಿನಲ್ಲಿ ಮರೆಮಾಡಿದ ಮಾತ್ರಕ್ಕೆ ಕಾಗದದ ಪ್ರತಿಗಳು ಮಾಯವಾಗುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗಂಗಾವತಿಯ ಗದ್ದೆಗಳು, ಕಾರ್ಖಾನೆಗಳು ಬಂದ ಗಿಣಿಗೇರಾ ಸುತ್ತಲಿನ ಹೊಲಗಳು ಕೈಯಿಂದ ಕೈಗೆ ಹೋದಾಗೆಲ್ಲ ಕ್ರಯಪತ್ರದ ಝೆರಾಕ್ಸು ದಲ್ಲಾಳಿಯ ಚೀಲದಲ್ಲಿ, ಈಗೀಗ ವಾಟ್ಸ್‌ಆ್ಯಪಿನಲ್ಲಿ, ತಿರುಗಾಡುತ್ತದೆ. ಆಧಾರ್ ಪ್ರತಿಯನ್ನು ಕಂಡಕಂಡವರಿಗೆ ಕೊಡಬೇಡಿ ಎಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ 27ರಂದು ಪ್ರಕಟಣೆ ಹೊರಡಿಸಿತು. ಜನ ಗಾಬರಿಯಾದರೆಂದು ಎರಡೇ ದಿನಕ್ಕೆ ಅದನ್ನು ಹಿಂದೆಗೆದುಕೊಳ್ಳಲಾಯಿತು. ಸಲಹೆ ಮಾತ್ರ ಸರಿಯಾಗಿಯೇ ಇತ್ತು. ಬೆರಳು ಜೀವಂತವೋ ಅಚ್ಚೋ ಎಂದು ಪತ್ತೆಮಾಡುವ ಹೊಸ ಪರೀಕ್ಷೆಯನ್ನು ಪ್ರಾಧಿಕಾರ 2023ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಅದೂ ಅಚ್ಚಿನ ಕಳ್ಳರಿಗೆ ಅಡ್ಡಿಯಾಗುತ್ತದೆಯೇ ಹೊರತು ನಿಜವಾದ ಬೆರಳನ್ನೇ ಎರಡು ಸಲ ಒತ್ತಿಸುವವನಿಗಲ್ಲ.

ಹಳ್ಳಿಗಳಲ್ಲಿ ಹೆಚ್ಚಾಗಿ ನಡೆಯುವುದು ಈ ಎರಡನೆಯ ಬಗೆಯ ಮೋಸವೇ. ಜನರ ಪಾಸ್‌ಬುಕ್ ಓದಿ ಹೇಳಿ, ಬ್ಯಾಂಕಿಗೆ ಅರ್ಜಿ ಬರೆದುಕೊಟ್ಟ ಅನುಭವದಲ್ಲಿ ನನಗೆ ಮನವರಿಕೆಯಾದದ್ದು ಇದು. “ಸರ್ವರ್ ಇಲ್ಲಬೇ ಯವ್ವಾ, ಇನ್ನೊಮ್ಮೆ ಒತ್ತು” ಎಂಬ ಮಾತಿನಲ್ಲಿ ಅನುಮಾನ ಪಡುವಂಥದ್ದು ಏನೂ ಇರುವುದಿಲ್ಲ, ಏಕೆಂದರೆ ಸರ್ವರ್ ನಿಜವಾಗಿಯೂ ಎಷ್ಟೋ ಸಲ ಇರುವುದಿಲ್ಲ. ಕಳೆ ಕಿತ್ತು, ಮಣ್ಣು ಹೊತ್ತು ಸವೆದ ಬೆರಳನ್ನು ಯಂತ್ರ ಮೊದಲ ಸಲಕ್ಕೇ ಓದುವುದೂ ಅಪರೂಪ. ನ್ಯಾಯಬೆಲೆ ಅಂಗಡಿಯಲ್ಲಿ ನಾಲ್ಕಾರು ಸಲ ಒತ್ತಿ ರೂಢಿಯಾದವರು ಇಲ್ಲಿಯೂ ಒತ್ತುತ್ತಾರೆ. ಮೊದಲ ಒತ್ತಿಗೇ ಹಣ ಹೋಗಿರುತ್ತದೆ, ಕೈಗೆ ಬರುವುದು ಎರಡನೆಯ ಒತ್ತಿನದು. ಇಲ್ಲವೇ ಎರಡು ಸಾವಿರ ಕೊಟ್ಟು ಮೂರು ಸಾವಿರ ತೆಗೆಯುವುದು, ಬಾಕಿ ನೋಡುತ್ತೇನೆಂದು ಹೇಳಿ ಹಣ ತೆಗೆಯುವುದು. ಬ್ಯಾಂಕಿನ ಮೆಸೇಜು ಬರಬೇಕಾದ ಸಿಮ್ಮು ಗೋವಾಕ್ಕೋ ಮಂಗಳೂರಿಗೋ ಗುಳೆ ಹೋದ ಮಗನ ಫೋನಿನಲ್ಲಿರುತ್ತದೆ, ಇಲ್ಲವೇ ಯಾವಾಗಲೋ ಕಳೆದುಹೋಗಿರುತ್ತದೆ. ಬಹುಪಾಲು ಬ್ಯಾಂಕ್ ಮಿತ್ರರು ಪ್ರಾಮಾಣಿಕರು, ಸಿಗುವ ಕಮಿಷನ್ ಮಾತ್ರ ಅತ್ಯಲ್ಪ. ಆದರೆ ಒಬ್ಬ ಕೆಟ್ಟವನಿದ್ದರೆ ಊರಿನ ಮುದುಕಿಯರ ಪಿಂಚಣಿಗೆಲ್ಲ ಕುತ್ತು.

ರಕ್ಷಣೆಯ ಉಪಾಯ ಇಲ್ಲದಿಲ್ಲ. ಆಧಾರ್ ಪ್ರಾಧಿಕಾರದ ಆ್ಯಪಿನಲ್ಲಿ, ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕಬಹುದು, ಬೇಕಾದಾಗ ಸ್ವಲ್ಪ ಹೊತ್ತು ತೆಗೆಯಲೂಬಹುದು. ಆರು ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಯಿತು ಎಂಬ ಪಟ್ಟಿಯೂ ಅಲ್ಲೇ ಸಿಗುತ್ತದೆ. ಎಲ್ಲದಕ್ಕೂ ಆಧಾರ್‌ಗೆ ಜೋಡಿಸಿದ ಮೊಬೈಲ್ ಇರಬೇಕು. ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳು ನಡೆಯದು. ಪಟ್ಟಣದಲ್ಲಿ ಸ್ಮಾರ್ಟ್‌ಫೋನ್ ಹಿಡಿದವರಿಗೆ ಇದು ಚಿಟಿಕೆ ಹೊಡೆಯುವಷ್ಟು ಸುಲಭ. ಹೆಬ್ಬೆಟ್ಟನ್ನೇ ನಂಬಿದ ಅಜ್ಜಿಗೆ ಈ ಸಲಹೆ ಇದ್ದೂ ಇಲ್ಲದಂತೆ. ಆಕೆಗೆ ಆಗುವುದು ಬೇರೆ: ಬೆಳೆ ಮಾರಿ ಬಂದ ಹಣವನ್ನು ಉಳಿತಾಯ ಖಾತೆಯಲ್ಲಿ ಬಿಡದೆ ಠೇವಣಿ ಇಡುವುದು, ಪ್ರತಿ ಸಲವೂ ಮುದ್ರಿತ ರಸೀದಿ ಕೇಳುವುದು, ‘ಫೇಲ್’ ಎಂದರೂ ಅದರ ಚೀಟಿ ಪಡೆದೇ ಮತ್ತೆ ಬೆರಳು ಇಡುವುದು.

ಕಾನೂನಿನ ಕಥೆಯೂ ಹೀಗೆಯೇ ಇಬ್ಭಾಗವಾಗಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆಧಾರ್ ಕುರಿತ ಅದೇ ಕೋರ್ಟಿನ 2018ರ ತೀರ್ಪು ಬ್ಯಾಂಕ್ ಖಾತೆಗೆ, ಸಿಮ್ಮಿಗೆ ಆಧಾರ್ ಕಡ್ಡಾಯವಲ್ಲ ಎಂದರೂ ಸರ್ಕಾರದ ಸವಲತ್ತಿಗೆ ಬೇಕು ಎಂದು ಉಳಿಸಿಕೊಂಡಿತು. ಅಂದರೆ ಬೆರಳು ಕೊಡಲಾರೆ ಎನ್ನುವ ಸ್ವಾತಂತ್ರ್ಯ ಉಳಿದದ್ದು ಸವಲತ್ತು ಬೇಡದವರಿಗೆ.

ಹಣ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆಯಂತೆ ಗ್ರಾಹಕರ ತಪ್ಪಿಲ್ಲದೆ ಮೂರನೆಯವರು ಮಾಡಿದ ಮೋಸವನ್ನು, ಬ್ಯಾಂಕಿನ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರದಲ್ಲ. ಬ್ಯಾಂಕ್ ಮಿತ್ರನ ಕೆಲಸಕ್ಕೆ ಅವನನ್ನು ನೇಮಿಸಿದ ಬ್ಯಾಂಕೇ ಹೊಣೆ. “ನೀವೇ ತಂಬ್ ಕೊಟ್ಟೀರಿ” ಎಂದು ಕೌಂಟರಿನಲ್ಲಿ ಹೇಳಿದರೆ ಹಿಂತಿರುಗಬೇಕಾಗಿಲ್ಲ, ದೂರಿನ ಸ್ವೀಕೃತಿ ಕೇಳಬೇಕು. ಊರಿನ ಠಾಣೆಯಲ್ಲೂ ಹೀಗೆಯೇ ಹೇಳಿದರೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸರ ಬಳಿ ಹೋಗಬಹುದು.

ಇವೆಲ್ಲಕ್ಕೂ ಮೊದಲು ಹಣ ಹೋಗಿದೆ ಎಂಬುದು ಗೊತ್ತಾಗಬೇಕು. ಮನೆಯಲ್ಲಿ ಓದಬಲ್ಲ ಹುಡುಗ ಹುಡುಗಿಯರು ತಿಂಗಳಿಗೊಮ್ಮೆ ಅಜ್ಜ ಅಜ್ಜಿಯ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಒಂದೊಂದು ಸಾಲನ್ನೂ ಅವರೆದುರು ಗಟ್ಟಿಯಾಗಿ ಓದಿ ಹೇಳಿ.