ಪುಷ್ಪಕದ ಪ್ರತಿಕೃತಿ: ಉಪಮೆಯ ಒಂದು ಪಾಠ

ಪೀಠಿಕೆ

ಉಪಮಾಲಂಕಾರದ ಲಕ್ಷಣವನ್ನು ಐಚ್ಛಿಕ ಕನ್ನಡದ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಉಪಮೇಯ, ಉಪಮಾನ, ಸಾಧಾರಣ ಧರ್ಮ, ಉಪಮಾವಾಚಕ ಎಂಬ ನಾಲ್ಕು ಅಂಗಗಳನ್ನು ಗುರುತಿಸಿ ಬರೆದರೆ ಅಂಕ ಬರುತ್ತದೆ. ಆದರೆ ಇವುಗಳಲ್ಲಿ ಒಂದನ್ನು ತಪ್ಪಾಗಿ ತಿಳಿದರೆ ಏನು ಕೆಡುತ್ತದೆ ಎಂಬ ಪ್ರಶ್ನೆಗೆ ಲಕ್ಷಣಸೂತ್ರ ಉತ್ತರ ಕೊಡುವುದಿಲ್ಲ. ಒಂದು ಪ್ರತಿಕೃತಿಯನ್ನು ಅಳತೆಯಿಟ್ಟು ಕೈಯಾರೆ ಮಾಡಿ ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ. ಆ ಪ್ರತಿಕೃತಿಗೆ ಇಸ್ರೋದ ಪ್ರಾಯೋಗಿಕ ವ್ಯೋಮವಾಹನ ‘ಪುಷ್ಪಕ’ವನ್ನು ಇಲ್ಲಿ ಆರಿಸಿಕೊಂಡಿದೆ.

ಈ ಆಯ್ಕೆಗೆ ನೆರೆಹೊರೆಯ ಕಾರಣವೂ ಉಂಟು. ಆದವಾನಿ, ಆಲೂರು ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆ ಬಳ್ಳಾರಿಯನ್ನು ದಾಟಿದರೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಪುಷ್ಪಕವು ನೆಲಕ್ಕಿಳಿಯುವ ತಾಲೀಮು ನಡೆಸಿದ್ದು ಅಲ್ಲಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ.

ಉಪಮಾನದ ಪರಿಚಯ

ಸಾಮಾನ್ಯ ರಾಕೆಟ್ಟು ಒಮ್ಮೆ ಹಾರಿದರೆ ಮರಳುವುದಿಲ್ಲ. ಹೋಗಿ ಬಂದು ಮತ್ತೆ ಹೋಗುವ ವಾಹನ ಬೇಕೆಂದು ಇಸ್ರೋ ರೆಕ್ಕೆಯುಳ್ಳ ನೌಕೆಯೊಂದನ್ನು ರೂಪಿಸಿತು. ಅದರ ಉದ್ದ ಸುಮಾರು 6.5 ಮೀಟರ್, ರೆಕ್ಕೆಗಳ ಹರವು 3.6 ಮೀಟರ್, ತೂಕ ಸುಮಾರು 1.75 ಟನ್. 2016ರ ಮೇ 23ರಂದು ಶ್ರೀಹರಿಕೋಟಾದಿಂದ ರಾಕೆಟ್ಟಿನ ತಲೆಯ ಮೇಲೆ ಕುಳಿತು ಇದು ಸುಮಾರು 65 ಕಿಲೋಮೀಟರ್ ಎತ್ತರಕ್ಕೇರಿ, ಬಂಗಾಳ ಕೊಲ್ಲಿಯ ಕಡೆಗೆ ಇಳಿದುಬಂತು. 2023ರ ಏಪ್ರಿಲ್ 2ರಂದು ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ಇಂಥದೇ ನೌಕೆಯನ್ನು ಹೊಟ್ಟೆಯ ಕೆಳಗೆ ತೂಗುಹಾಕಿಕೊಂಡು ಚಳ್ಳಕೆರೆಯ ಆಕಾಶದಲ್ಲಿ ಸುಮಾರು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟುಕೊಟ್ಟಿತು. ಒಳಗೆ ಚಾಲಕನಿರಲಿಲ್ಲ. ನೌಕೆ ತಾನೇ ದಾರಿ ಹುಡುಕಿಕೊಂಡು ಓಡುದಾರಿಯ ಮೇಲೆ ಇಳಿಯಿತು.

2024ರ ಮಾರ್ಚ್ 22ರಂದು ಓಡುದಾರಿಯ ನೇರದಿಂದ 150 ಮೀಟರ್ ಪಕ್ಕಕ್ಕೆ, ಜೂನ್ 23ರಂದು 500 ಮೀಟರ್ ಪಕ್ಕಕ್ಕೆ ಬೇಕೆಂದೇ ಸರಿಸಿ ಬಿಡಲಾಯಿತು. ಎರಡು ಸಲವೂ ಅದು ತಿದ್ದಿಕೊಂಡು ಬಂತು. ಗಂಟೆಗೆ 320 ಕಿಲೋಮೀಟರನ್ನು ಮೀರುವ ವೇಗದಲ್ಲಿ ನೆಲ ಮುಟ್ಟಿ, ಬಾಲದ ಪ್ಯಾರಾಚೂಟು ಮತ್ತು ಗಾಲಿಯ ಬ್ರೇಕುಗಳ ನೆರವಿನಿಂದ ನಿಂತಿತು.

ಹೆಸರಿನ ಔಚಿತ್ಯವನ್ನೂ ಗಮನಿಸಬೇಕು. ಕುಬೇರನದಾಗಿದ್ದ ಪುಷ್ಪಕವನ್ನು ರಾವಣ ಕಿತ್ತುಕೊಂಡ. ಯುದ್ಧಾನಂತರ ರಾಮ ಅದರಲ್ಲಿ ಅಯೋಧ್ಯೆಗೆ ಮರಳಿದ. ಬಳಿಕ ಅದು ಕುಬೇರನಿಗೇ ಹಿಂದಿರುಗಿತು. ಮರಳಿ ಬರುವುದೇ ಧರ್ಮವಾದ ವಾಹನಕ್ಕೆ ಈ ಹೆಸರು ಹೊಂದುತ್ತದೆ.

ಯಾವ ದಿನದ ಪುಷ್ಪಕ?

ಪ್ರತಿಕೃತಿ ಮಾಡಹೊರಟವನ ಮೊದಲ ಪ್ರಶ್ನೆ ಇದು. 2016ರ ನೌಕೆಯನ್ನು ಮಾಡುವುದಾದರೆ ಅದಕ್ಕೆ ಗಾಲಿ ಹಚ್ಚುವಂತಿಲ್ಲ. ಅದು ಇಳಿದದ್ದು ಸಮುದ್ರಕ್ಕೆ. ಆದರೆ ಅದರ ಕೆಳಮೈಗೆ ಹೊದಿಸಿದ್ದ ಸುಮಾರು 600 ತಾಪನಿರೋಧಕ ಬಿಲ್ಲೆಗಳನ್ನು ಮರೆಯುವಂತಿಲ್ಲ. 2023 ಅಥವಾ 2024ರ ನೌಕೆಯನ್ನು ಆರಿಸಿದರೆ ಮೂಗಿನ ಕೆಳಗೊಂದು ಗಾಲಿ, ಹಿಂದೆ ಮುಖ್ಯ ಗಾಲಿಗಳು ಬೇಕು. ಬೆನ್ನ ಹಿಂದೆ ರಾಕೆಟ್ಟು ಕೂಡದು. ಎರಡು ದಿನಗಳ ಅಂಗಗಳನ್ನು ಬೆರೆಸಿದರೆ ಎಂದೂ ಇರದಿದ್ದ ನೌಕೆಯೊಂದು ಹುಟ್ಟುತ್ತದೆ. ಹಳಗನ್ನಡ ಗ್ರಂಥಸಂಪಾದನೆಯಲ್ಲಿ ಎರಡು ಪ್ರತಿಗಳ ಪಾಠಗಳನ್ನು ಗುರುತು ಹಾಕದೆ ಬೆರೆಸಿದಾಗ ಆಗುವ ದೋಷವೂ ಇದೇ ಬಗೆಯದು.

ಅಳತೆಯ ಲೆಕ್ಕ

1:20ರ ಪ್ರಮಾಣವನ್ನು ಇಟ್ಟುಕೊಳ್ಳೋಣ. ಉದ್ದ 32.5 ಸೆಂಟಿಮೀಟರ್, ರೆಕ್ಕೆಗಳ ಹರವು 18 ಸೆಂಟಿಮೀಟರ್ ಆಗುತ್ತದೆ. ಮೊದಲು ಮೇಲಿನ ನೋಟ, ಪಕ್ಕದ ನೋಟ, ಎದುರಿನ ನೋಟಗಳನ್ನು ಗೀರುಕಾಗದದ ಮೇಲೆ ಇದೇ ಅಳತೆಯಲ್ಲಿ ಬರೆದುಕೊಳ್ಳಬೇಕು. ಒಡಲನ್ನು ಥರ್ಮೋಕೋಲಿನಲ್ಲಿ ಅಥವಾ ಹಗುರ ಮರದಲ್ಲಿ ಕೆತ್ತಬಹುದು. ರೆಕ್ಕೆಗಳಿಗೂ ಬಾಲದ ಎರಡು ನಿಲುವು ಫಲಕಗಳಿಗೂ ದಪ್ಪ ರಟ್ಟು ಸಾಕು. ರೆಕ್ಕೆಯ ಮುಂಚು ಒಂದೇ ಗೆರೆಯಲ್ಲಿ ಹೋಗದೆ ನಡುವೆ ಕೋನ ಬದಲಿಸುತ್ತದೆ. ಇದನ್ನು ಬಿಟ್ಟರೆ ಆಕಾರ ಕೈತಪ್ಪಿತು. ರೆಕ್ಕೆಯ ಹಿಂದಂಚಿನಲ್ಲೂ ಬಾಲದಲ್ಲೂ ಇರುವ, ನೌಕೆಯನ್ನು ತಿರುಗಿಸುವ ಚಲಫಲಕಗಳನ್ನು ಬೇರೆಯಾಗಿ ಕತ್ತರಿಸಿ ಕೂಡಿಸಬೇಕು.

ಇಲ್ಲಿಯವರೆಗೆ ಎಲ್ಲವೂ ಸರಾಗ. ಉದ್ದ ಇಪ್ಪತ್ತನೆಯ ಒಂದು ಭಾಗವಾದಾಗ ಮೇಲ್ಮೈ ನಾನೂರನೆಯ ಒಂದು ಭಾಗವಾಗುತ್ತದೆ, ಘನಗಾತ್ರ ಎಂಟು ಸಾವಿರದ ಒಂದು ಭಾಗವಾಗುತ್ತದೆ. ಆ ಲೆಕ್ಕದಲ್ಲಿ 1.75 ಟನ್ನಿನ ನೌಕೆಯ ಪ್ರತಿಕೃತಿ ಸುಮಾರು 219 ಗ್ರಾಂ ತೂಗಬೇಕು. ಥರ್ಮೋಕೋಲಿನ ಒಡಲು ಅಷ್ಟು ತೂಗುವುದಿಲ್ಲ. ಮೂಲದಲ್ಲಿ 2 ಮಿಲಿಮೀಟರ್ ಅಗಲದ ಸಂದೊಂದಿದ್ದರೆ ಇಲ್ಲಿ ಅದು 0.1 ಮಿಲಿಮೀಟರ್, ನಮ್ಮ ಪೆನ್ಸಿಲಿನ ಗೆರೆಯೇ ಅದಕ್ಕಿಂತ ದಪ್ಪ. ಬಿಟ್ಟುಕೊಟ್ಟ 4.5 ಕಿಲೋಮೀಟರ್ ಎತ್ತರವನ್ನೂ ಇದೇ ಪ್ರಮಾಣಕ್ಕೆ ಇಳಿಸಿದರೆ 225 ಮೀಟರ್. ಆದವಾನಿಯ ಕೋಟೆಬೆಟ್ಟ ಬಯಲಿನಿಂದ ಸುಮಾರು 800 ಅಡಿ ಎದ್ದಿದೆ. ಹೆಚ್ಚುಕಡಿಮೆ ಅಷ್ಟೇ ಎತ್ತರ. ಗೇಣಿಗಿಂತ ತುಸು ಉದ್ದದ ಈ ವಸ್ತುವನ್ನು ಕೋಟೆಯ ನೆತ್ತಿಯಿಂದ ಬಿಟ್ಟು, ಗುರುತಿಟ್ಟ ಗೆರೆಯ ಮೇಲೆ ಇಳಿಸಬೇಕೆಂದು ಊಹಿಸಿದರೆ ಚಳ್ಳಕೆರೆಯ ಸಾಧನೆ ಮನದಟ್ಟಾಗುತ್ತದೆ.

ಸಾಧಾರಣ ಧರ್ಮ ಯಾವುದು?

ಈಗ ಉಪಮೆಗೆ ಬರೋಣ. ‘ಈ ಪ್ರತಿಕೃತಿ ಆಕಾರದಲ್ಲಿ ಪುಷ್ಪಕದಂತಿದೆ’ ಎಂಬ ವಾಕ್ಯದಲ್ಲಿ ಪ್ರತಿಕೃತಿ ಉಪಮೇಯ, ಪುಷ್ಪಕ ಉಪಮಾನ, ಆಕಾರ ಸಾಧಾರಣ ಧರ್ಮ, ‘ಅಂತೆ’ ವಾಚಕ. ತೂಕ, ವೇಗ, ತಾಪಸಹನೆ ಇವು ಸಾಧಾರಣ ಧರ್ಮವಲ್ಲ. ಮುಖವನ್ನು ಚಂದ್ರನಿಗೆ ಹೋಲಿಸಿದಾಗ ಕಾಂತಿಯನ್ನು ಮಾತ್ರ ತೆಗೆದುಕೊಂಡು ಕಲೆಯನ್ನು ಬಿಡುವಂತೆ, ಇಲ್ಲಿಯೂ ಯಾವುದು ಸಮಾನ, ಯಾವುದು ಅಲ್ಲ ಎಂಬ ವಿವೇಕವೇ ಮುಖ್ಯ.

ಇದಕ್ಕೆ ವಿರುದ್ಧ ಬಗೆಯ ಉದಾಹರಣೆ ಅಮೆರಿಕದಲ್ಲಿದೆ. ಚಂದ್ರನ ಮೇಲೆ ಇಳಿಯುವುದನ್ನು ಅಭ್ಯಾಸ ಮಾಡಲು ನಾಸಾ ಒಂದು ತಾಲೀಮು ನೌಕೆಯನ್ನು ಮಾಡಿಸಿತು. ಅದರ ಮೊದಲ ರೂಪ ಹಾರಿದ್ದು 1964ರ ಅಕ್ಟೋಬರ್ 30ರಂದು. ನೋಟಕ್ಕೆ ಅದು ಚಂದ್ರನೌಕೆಯನ್ನು ಹೋಲುತ್ತಿರಲಿಲ್ಲ. ಕಬ್ಬಿಣದ ಮಂಚವೊಂದು ಹಾರುವಂತಿತ್ತು. ಆದರೆ ನಡುವಿನ ಜೆಟ್ ಎಂಜಿನ್ನು ಅದರ ತೂಕದ ಆರರಲ್ಲಿ ಐದು ಪಾಲನ್ನು ಹೊರುತ್ತಿತ್ತು. ಉಳಿದ ಒಂದು ಪಾಲನ್ನು ಮಾತ್ರ ಚಾಲಕ ಪುಟ್ಟ ರಾಕೆಟ್ಟುಗಳಿಂದ ನಿಭಾಯಿಸಬೇಕಿತ್ತು. ಚಂದ್ರನ ಸೆಳೆತ ಭೂಮಿಯ ಆರರಲ್ಲೊಂದು ಪಾಲಷ್ಟೇ. ಇಲ್ಲಿ ಸಾಧಾರಣ ಧರ್ಮ ಆಕಾರವಲ್ಲ, ಭಾರದ ಅನುಭವ.

ಆ ಹೋಲಿಕೆಗೆ ತೆತ್ತ ಬೆಲೆ ಸಣ್ಣದಲ್ಲ. 1968ರ ಮೇ 6ರಂದು ನೌಕೆ ಹತೋಟಿ ತಪ್ಪಿದಾಗ ನೀಲ್ ಆರ್ಮ್‌ಸ್ಟ್ರಾಂಗ್ ಆಸನಸಮೇತ ಚಿಮ್ಮಿ ಪ್ಯಾರಾಚೂಟಿನಲ್ಲಿ ಪಾರಾದರು. ಇಂಥ ಐದು ನೌಕೆಗಳಲ್ಲಿ ಮೂರು ನಾಶವಾದವು. ಚಾಲಕರು ಮೂರು ಸಲವೂ ಬದುಕಿಕೊಂಡರು. ಆರ್ಮ್‌ಸ್ಟ್ರಾಂಗ್ ಮತ್ತೆ ಅದೇ ಬಗೆಯ ನೌಕೆಯಲ್ಲಿ ಅಭ್ಯಾಸ ಮುಂದುವರಿಸಿ, 1969ರ ಜುಲೈ 20ರಂದು ಚಂದ್ರನ ಮೇಲಿಳಿದರು.

ಪುಷ್ಪಕವೂ ಒಂದು ಉಪಮೇಯವೇ. ಮುಂದೆ ಕಕ್ಷೆಗೆ ಹೋಗಿ ಮರಳಲೆಂದು ಇಸ್ರೋ ಯೋಜಿಸಿರುವ ವಾಹನ ಇದಕ್ಕಿಂತ ಸುಮಾರು 1.6 ಪಟ್ಟು ದೊಡ್ಡದು. ಅಮೆರಿಕದ ನೌಕೆ ಮನುಷ್ಯನಿಗೆ ತಾಲೀಮು ಕೊಟ್ಟಿತು; ಪುಷ್ಪಕ ಯಂತ್ರಕ್ಕೇ ತಾಲೀಮು ಕೊಡುತ್ತಿದೆ.

ವಾಚಕದ ಹೊಣೆ

ಪ್ರತಿಕೃತಿ ಮುಗಿದ ಮೇಲೆ ಪೀಠದ ಮೇಲೊಂದು ಚೀಟಿ ಅಂಟಿಸುತ್ತೇವೆ. ಅದರಲ್ಲಿ ‘1:20’ ಎಂದು ಬರೆದಾಗ ಆ ಗುರುತೇ ‘ಅಂತೆ’ಯ ಕೆಲಸ ಮಾಡುತ್ತದೆ. ಅದನ್ನು ಬಿಟ್ಟು ‘ಇದು ಪುಷ್ಪಕ’ ಎಂದು ಬರೆದರೆ ಅಭೇದ ಹೇಳಿದಂತಾಗಿ ರೂಪಕವಾಗುತ್ತದೆ. ಕಾವ್ಯದಲ್ಲಿ ಅಭೇದವೇ ಸೊಗಸು. ಅಲ್ಲಿ ಸಹೃದಯನಿಗೆ ಭೇದ ಮೊದಲೇ ತಿಳಿದಿರುತ್ತದೆ. ಪ್ರದರ್ಶನ ನೋಡಲು ಬಂದ ಏಳನೆಯ ತರಗತಿಯ ಹುಡುಗಿಗೆ ಅದು ತಿಳಿದಿರುವುದಿಲ್ಲ. ಅವಳು ನೌಕೆ ಇಷ್ಟೇ ಇದೆಯೆಂದು ನಂಬಿ ಮನೆಗೆ ಹೋದಾಳು.

ಆ ಚೀಟಿಯನ್ನು ಕನ್ನಡದಲ್ಲಿ ಬರೆಯುವ ಕೆಲಸ ನಮ್ಮದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ವಿಜ್ಞಾನದ ಪುಸ್ತಕದಲ್ಲಿ ಇಂಗ್ಲಿಷು ಎಂದು ಹಂಚಿಹೋದ ಗಡಿಸೀಮೆಯಲ್ಲಿ, ಕನ್ನಡಕ್ಕೆ ಪದ್ಯದ ಕೆಲಸವನ್ನಷ್ಟೇ ಉಳಿಸುವುದು ಸುಲಭ. ಉದ್ದ, ತೂಕ, ದಿನಾಂಕ, ಬಿಟ್ಟ ಅಂಶ ಇವನ್ನು ಅನುಮಾನಕ್ಕೆಡೆಯಿಲ್ಲದೆ ನಾಲ್ಕು ಕನ್ನಡ ವಾಕ್ಯಗಳಲ್ಲಿ ಹೇಳಬಲ್ಲವನು ಅಲಂಕಾರವನ್ನೂ ಭಾಷೆಯನ್ನೂ ಒಟ್ಟಿಗೆ ಕಲಿತಿರುತ್ತಾನೆ.

ಅಭ್ಯಾಸ

1. ಪುಷ್ಪಕದ ಪ್ರತಿಕೃತಿಯನ್ನು 1:25ರ ಪ್ರಮಾಣದಲ್ಲಿ ಮಾಡಿದರೆ ಉದ್ದ, ರೆಕ್ಕೆಗಳ ಹರವು, ತೂಕಗಳು ಎಷ್ಟಾಗಬೇಕು? ಲೆಕ್ಕವನ್ನು ವಾಕ್ಯಗಳಲ್ಲಿ ವಿವರಿಸಿ.
2. ಚಂದ್ರನೌಕೆ ಮತ್ತು ಅದರ ತಾಲೀಮು ನೌಕೆಗಳನ್ನು ಹೋಲಿಸುವ ಒಂದು ಪೂರ್ಣೋಪಮೆಯನ್ನು ರಚಿಸಿ, ನಾಲ್ಕು ಅಂಗಗಳನ್ನು ಗುರುತಿಸಿ.
3. ನಿಮ್ಮ ಊರಿನ ಒಂದು ಕಟ್ಟಡವನ್ನು ಆರಿಸಿ ಅದರ ಪ್ರತಿಕೃತಿಗೆ ನಾಲ್ಕು ವಾಕ್ಯಗಳ ಚೀಟಿ ಬರೆಯಿರಿ. ಯಾವುದನ್ನು ಬಿಟ್ಟಿದ್ದೀರಿ ಎಂಬುದನ್ನು ಕೊನೆಯ ವಾಕ್ಯ ಹೇಳಲಿ.
4. ‘ಮಾದರಿ’, ‘ಪ್ರತಿಕೃತಿ’, ‘ಪಡಿಯಚ್ಚು’ ಈ ಪದಗಳ ಅರ್ಥಭೇದವನ್ನು ಸ್ವಂತ ವಾಕ್ಯಗಳಿಂದ ತೋರಿಸಿ.