ವೆಲ್ಡಿಂಗ್ ಕಿಡಿಯಿಂದ ಬೆಂಕಿ: ಹೊಣೆ ಯಾರದು, ಪರಿಹಾರ ಎಲ್ಲಿ?

ಶಿಕಾರಿಪುರ, ಸೊರಬ ಕಡೆ ಟ್ರ್ಯಾಕ್ಟರ್ ಟ್ರ್ಯಾಲಿ ರಿಪೇರಿ, ಅಡಿಕೆ ಶೆಡ್, ತಗಡಿನ ಚಪ್ಪರ ಎಂದು ವೆಲ್ಡಿಂಗ್ ಕೆಲಸ ಮನೆಯಂಗಳದಲ್ಲೇ ನಡೆಯುತ್ತದೆ. ಹುಲ್ಲಿನ ಬಣವೆ, ಮೆಕ್ಕೆಜೋಳದ ದಂಟು, ಅಡಿಕೆ ಸಿಪ್ಪೆಯ ರಾಶಿ ಇರುವುದೂ ಅಲ್ಲೇ. ಬೆಂಕಿ ಬಿದ್ದರೆ ಗ್ರಹಚಾರವೆಂದು ಕೈಚೆಲ್ಲಿ ಕೂರಬೇಕಿಲ್ಲ. ಎಚ್ಚರ ತಪ್ಪಿದ್ದರಿಂದ ಹೊತ್ತಿದ ಬೆಂಕಿಗೆ ಕಾನೂನಿನಲ್ಲಿ ಹೊಣೆಗಾರರಿದ್ದಾರೆ.

ಕೆಲಸಕ್ಕೆ ಮುನ್ನ

ಕಿಡಿ ಹತ್ತು ಮೀಟರ್ ದಾಟಿಯೂ ಹಾರಬಲ್ಲದು. ಅಷ್ಟು ದೂರದೊಳಗಿನ ಹುಲ್ಲು, ಚೀಲ, ಡೀಸೆಲ್ ಸರಿಸಿ. ಸರಿಸಲಾಗದ್ದಕ್ಕೆ ತಗಡು ಅಡ್ಡ ಇಡಿ. ನೀರು, ಮರಳು, ಅಗ್ನಿನಂದಕ ಕೈಗೆ ಸಿಗುವಂತಿರಲಿ. ಸಿಪ್ಪೆಯೊಳಗೆ ಬಿದ್ದ ಕಿಡಿ ತಡವಾಗಿ ಹೊತ್ತಿಕೊಳ್ಳುತ್ತದೆ. ಕೆಲಸ ಮುಗಿದ ಮೇಲೂ ಒಂದು ಗಂಟೆ ಒಬ್ಬರು ಕಾವಲಿರಬೇಕು.

ಖಾಲಿ ಡೀಸೆಲ್ ಡ್ರಮ್ಮನ್ನು ಹಾಗೇ ಕತ್ತರಿಸಬೇಡಿ. ಒಳಗುಳಿದ ಆವಿ ಸಿಡಿಯುತ್ತದೆ. ಅಂಥ ಪಾತ್ರೆಯನ್ನು ಶುದ್ಧಗೊಳಿಸದೆ ವೆಲ್ಡ್ ಮಾಡಬಾರದೆಂದು 1948ರ ಕಾರ್ಖಾನೆ ಕಾಯ್ದೆಯೇ 37ನೇ ಕಲಂನಲ್ಲಿ ವಿಧಿಸಿತ್ತು. ವೆಲ್ಡಿಂಗ್, ಕಟಿಂಗ್ ವೇಳೆಯ ಬೆಂಕಿ ಮುನ್ನೆಚ್ಚರಿಕೆಗೆಂದೇ ಐಎಸ್ 3016 ಎಂಬ ಭಾರತೀಯ ಮಾನಕವೂ ಇದೆ.

ಶಿಕ್ಷೆ ಏನು?

ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಂ ಪ್ರಕಾರ, ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ ತೋರಿ ಜೀವಕ್ಕೆ ಅಪಾಯ ತಂದರೆ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 106ನೇ ಕಲಂ ಅಡಿ 5 ವರ್ಷದವರೆಗೆ ಸೆರೆವಾಸ ಮತ್ತು ದಂಡ.

ಬೆಂಕಿ ಬಿದ್ದರೆ

1. ವಿದ್ಯುತ್ ಸಂಪರ್ಕ ತಪ್ಪಿಸಿ, 101 ಅಥವಾ 112ಕ್ಕೆ ಕರೆ ಮಾಡಿ.

2. ಸುಟ್ಟ ಜಾಗದ ಫೋಟೊ ತೆಗೆದಿಡಿ. ಅಗ್ನಿಶಾಮಕ ಠಾಣೆಗೆ ಅರ್ಜಿ ಕೊಟ್ಟು ವರದಿ ಕೇಳಿ. ವಿಮೆ ಇದ್ದರೆ ಕಂಪನಿಗೆ ತಡಮಾಡದೆ ತಿಳಿಸಿ.

3. ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ಎಫ್‌ಐಆರ್ ಪ್ರತಿ ಉಚಿತವಾಗಿ ಪಡೆಯುವುದು ನಿಮ್ಮ ಹಕ್ಕು. ದಾಖಲಿಸಿಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು.

ಪರಿಹಾರ ಎಲ್ಲಿ?

ಹಣ ಕೊಟ್ಟು ಮನೆ ಕೆಲಸ ಮಾಡಿಸಿಕೊಂಡವರು ಸೇವಾ ಲೋಪವೆಂದು ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬಹುದು. ಕೆಲಸಕ್ಕೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ದೂರಿಗೆ ಶುಲ್ಕವಿಲ್ಲ. ಪಕ್ಕದ ಮನೆಯವರ ಸ್ವತ್ತು ಸುಟ್ಟಿದ್ದರೆ ಅವರು ಸಿವಿಲ್ ದಾವೆ ಹೂಡಬಹುದು. ಕೂಲಿಗಿದ್ದ ವೆಲ್ಡರ್ ಕೆಲಸದಲ್ಲೇ ಗಾಯಗೊಂಡರೆ ಮಾಲೀಕರಿಂದ ಪರಿಹಾರ ಕೇಳುವ ಹಕ್ಕು ಅವರಿಗಿದೆ.

ವಕೀಲರ ಖರ್ಚಿಗೆ ಹೆದರಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಕಡಿಮೆ ಆದಾಯದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ನೆರವು ಪಡೆಯಬಹುದು. ಸಹಾಯವಾಣಿ: 15100.

ಕೆಲಸ ಒಪ್ಪಿಸುವಾಗಲೇ ಕಾವಲು ಯಾರು, ನಂದಿಸುವ ಸಾಮಗ್ರಿ ಯಾರದು ಎಂದು ಎರಡು ಸಾಲು ಬರೆಸಿಕೊಳ್ಳಿ, ಕೊಟ್ಟ ಹಣಕ್ಕೆ ರಸೀದಿ ಕೇಳಿ. ನಾಳೆ ಆಯೋಗದ ಮುಂದೆ ನಿಮ್ಮ ಪರವಾಗಿ ನಿಲ್ಲುವುದು ಆ ಕಾಗದವೇ.